ದನುರ್ಲಗ್ನ

ಒಪ್ಪಿಗೆ ಪತ್ರದ ಎರಡನೇ ಸಾಲಿನಲ್ಲೇ
ದೃಷ್ಟಿಯನ್ನು ‘ದ್ರುಷ್ಟಿ’ ಎಂದು ಅಚ್ಚು ಹಾಕಿದ್ದರು.
ಕೈ ಸುಮ್ಮನಿರಲಿಲ್ಲ. ಬ್ಯಾಗಿನ ಕೆಂಪು ಪೆನ್ನು ತೆಗೆದು ತಿದ್ದಿದೆ;
ಸಹಿಯ ಜಾಗ ಮಾತ್ರ ಖಾಲಿ ಬಿಟ್ಟೆ.

ಡಾಕ್ಟರ್ ನುಸ್ರತ್ ನಕ್ಕರು. ಚಿಕ್ಕ ವಯಸ್ಸು, ಪಾವಗಡದ ಕಡೆಯ ಮಾತು.
‘ಪ್ಲಸ್ ಮೂರು. ಜೊತೆಗೆ ಸಿಲಿಂಡರ್ ಒಂದೂವರೆ.’
ಸಿಲಿಂಡರ್ ಅಂದರೆ ನಮ್ಮನೆಯಲ್ಲಿ ಗ್ಯಾಸು.
ಇಪ್ಪತ್ತೊಂಬತ್ತು ವರ್ಷದಿಂದ
ಮೂಗಿನ ಮೇಲೆ ಹೊತ್ತು ತಿರುಗಿದ್ದೇನೆ ಹಾಗಾದರೆ.
‘ಚೆಂಡಿನ ಹಾಗಿರಬೇಕಾದದ್ದು
ನಿಮ್ಮದು ಸ್ವಲ್ಪ ಮಾವಿನಕಾಯಿ ಥರ.’
ಅದಕ್ಕೇ ಗುಬ್ಬಿ ಗೇಟಿನ ದೀಪಗಳಿಗೆಲ್ಲ ಬಾಲ,
ಅದಕ್ಕೇ ನನ್ನ ಹುಣ್ಣಿಮೆಗೆ ಒಂದೂಕಾಲು ಚಂದ್ರ.

ದೂರದ ಬೆಟ್ಟ ನುಣ್ಣಗೆ ಅಂದವರು
ನನ್ನ ಕಣ್ಣಲ್ಲಿ ನೋಡಿದವರಲ್ಲ.
ದೇವರಾಯನದುರ್ಗದ ಬಂಡೆ ನನಗೆ ಒರಟಾಗಿಯೇ ಕಂಡಿದೆ.
ನುಣ್ಣಗಿರುವುದು ಹತ್ತಿರದ್ದು:
ಅಕ್ಕಿಯೊಳಗಿನ ಕಲ್ಲು, ಸ್ವಂತ ಅಂಗೈ,
ತಿಪ್ಪೇಶನ ಕೆನ್ನೆಯ ಮೊಡವೆಗುಳಿ.

ಹೆಣ್ಣು ನೋಡಲು ಬಂದ ದಿನ ಅವನಂದಿದ್ದ, ‘ಎಷ್ಟು ದೊಡ್ಡ ಕಣ್ಣು!’
ಅದು ಗಾಜಿನ ಧಾರಾಳ. ಒಳಗಿರುವುದು ಅಮ್ಮನ ಸಣ್ಣ ಕಣ್ಣು.
ಧಾರೆಯ ಹೊತ್ತಿಗೆ ಫೋಟೊದವನು ಕನ್ನಡಕ ತೆಗೆಸಿದ.
ಆಲ್ಬಮ್ಮಿನಲ್ಲಿ ನಾನು ಯಾರನ್ನೋ ಹುಡುಕುತ್ತಿದ್ದೇನೆ,
ಪಕ್ಕದಲ್ಲೇ ನಿಂತವನನ್ನು.

ಮಂಡಿಪೇಟೆಯ ಮಹಡಿ, ರುದ್ರಾರಾಧ್ಯರ ಪ್ರೆಸ್ಸು.
ಹದಿನಾಲ್ಕು ವರ್ಷದಿಂದ ಮದುವೆ ಕಾಗದ ತಿದ್ದುತ್ತೇನೆ.
ತಪ್ಪು ಬಿಟ್ಟದ್ದು ಒಮ್ಮೆ; ಕನ್ನಡಕದ ಕಡ್ಡಿ ಮುರಿದ ದಿನ
ಧನುರ್ಲಗ್ನ ದನುರ್ಲಗ್ನವಾಗಿ ಎಂಟುನೂರು ಪ್ರತಿ ಹೋಯಿತು.
ಹುಡುಗನ ಸೋದರಮಾವ ತಿಪಟೂರಿಂದ ಬಂದವನೇ
ಮೇಜಿನ ಮೇಲೆ ಕಟ್ಟು ಕುಕ್ಕಿದ:
‘ಏನಮ್ಮ ಇದು, ದನದ ಲಗ್ನವಾ?’

ದಕಾರದ ಹೊಟ್ಟೆಗೆ ಒಂದು ಸೀಳು.
ಕೂದಲೆಳೆಯಷ್ಟು.
ಅಷ್ಟಕ್ಕೆ ಅಲ್ಪಪ್ರಾಣ ಮಹಾಪ್ರಾಣ.
ಎಂಟುನೂರಕ್ಕೂ ನಾನೇ ಸೀಳು ಹಾಕಿದೆ,
ಕಪ್ಪು ಪೆನ್ನಿನಲ್ಲಿ, ರಾತ್ರಿ ಎರಡರವರೆಗೆ.

ಈಗ ಈಯಮ್ಮ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ:
ಕರಿಗುಡ್ಡೆಯ ಮೇಲಿನ ಗಾಜುಪೊರೆಗೆ ತೆಳ್ಳನೆ ಒಂದು ಸೀಳು,
ಮಡಚಿ, ಬೆಳಕಿನಲ್ಲಿ ಕೆತ್ತಿ, ಮತ್ತೆ ಮುಚ್ಚುವುದು.
ಎಂಬತ್ತೈದು ಸಾವಿರ. ಚೀಟಿ ಎತ್ತಿದರೆ ಆಗುತ್ತದೆ.
‘ಆದರೆ ಪ್ಲಸ್ಸಿನವರಿಗೆ ಒಂದಷ್ಟು ವಾಪಸ್ ಬರಬಹುದು.
ಮತ್ತೆ ನಲವತ್ತಕ್ಕೆ ಚಾಳೀಸು ಹೇಗೂ ಬರುತ್ತೆ.
ಅದನ್ನ ಯಾವ ಲೇಸರೂ ತಡೆಯಲ್ಲ.’

ನನಗೆ ಮೂವತ್ತೆಂಟು.
ಎರಡು ವರ್ಷದ ಬರಿಗಣ್ಣು;
ಭಾಗಿಸಿದರೆ ದಿನಕ್ಕೆ ನೂರ ಹದಿನಾರು ರೂಪಾಯಿ.
ಎದ್ದಕೂಡಲೇ ಕೈ ದಿಂಬಿನ ಪಕ್ಕ ತಡಕದಿರುವುದಕ್ಕೆ,
ಒಗ್ಗರಣೆ ಹೊಗೆಗೆ ಗಾಜು ಮಂಜಾಗದಿರುವುದಕ್ಕೆ,
ನನ್ನ ನಿಜವಾದ ಅಳತೆಯ ಕಣ್ಣನ್ನು
ತಿಪ್ಪೇಶ ನೋಡಿ ಏನೂ ಹೇಳದಿರುವುದಕ್ಕೆ
ಅದು ಹೆಚ್ಚೋ, ಕಮ್ಮಿಯೋ?

ಪಾಪೆ ಹಿಗ್ಗುವ ಹನಿ ಹಾಕಿ ಕಳಿಸಿದ್ದಾರೆ.
ಬಿ.ಎಚ್. ರಸ್ತೆಯ ಮಧ್ಯಾಹ್ನ ನೇರ ಒಳಗೇ ಸುರಿಯಿತು,
ಸುಣ್ಣದ ಬಕೆಟ್ಟು ಮಗುಚಿದ ಹಾಗೆ.
ಬೋರ್ಡುಗಳೆಲ್ಲ ಒತ್ತಕ್ಷರ ಕಳಕೊಂಡಿವೆ.
ಕೈಯಲ್ಲಿನ ಒಪ್ಪಿಗೆ ಪತ್ರ ಬರೀ ಬಿಳಿ ಬಟ್ಟೆ,
ನಾನು ತಿದ್ದಿದ ಕೆಂಪೂ ಕಾಣದು.
ಸೆರಗು ಅಡ್ಡ ಹಿಡಿದು ಎಳನೀರಿನವನ ಕೊಡೆಯಡಿ ನಿಂತೆ.

ಫೋನು. ಪ್ರೆಸ್ಸಿನಿಂದ ಮುದ್ದರಂಗಪ್ಪ.
‘ಮೇಡಮ್ಮೋರೆ, ಕೊರಟಗೆರೆ ಪಾರ್ಟಿ ಬಂದು ಕುಂತವ್ರೆ. ಪ್ಲೇಟ್ ಹಾಕ್ಬಿಡ್ಲಾ?’
‘ತಡಿ. ನನಗೇನೂ ಕಾಣ್ತಿಲ್ಲ. ನೀನೇ ಓದು, ಒಂದೊಂದೇ ಅಕ್ಷರ.’
ಓದಿದ, ಶಾಲೆ ಹುಡುಗನ ಥರ ಎಳೆದೆಳೆದು,
ಹುಡುಗಿ ಹೆಸರು, ತಾತನ ಹೆಸರು, ಛತ್ರ, ತಿಥಿ,
‘ಧ-ನು-ರ್ಲ-ಗ್ನ-ದಲ್ಲಿ’

‘ನಿಲ್ಲು. ಹೊಟ್ಟೆ ಸೀಳಿದೆಯಾ?’

ಆ ಕಡೆ ಒಂದು ಗಳಿಗೆ ಸದ್ದಿಲ್ಲ.
ಕಾಗದವನ್ನು ಮಾರು ದೂರ ಹಿಡಿದಿರಬೇಕು,
ಅವನಿಗೂ ನಲವತ್ತಾರು.

‘ಸೀಳೈತೆ.’

‘ಸರಿಯಾಗಿ ನೋಡು.’